ಸೆಟಲ್‌ಮೆಂಟ್: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಒಂದು ಕಾನೂನು ಪದದ ಚರಿತ್ರೆ

ಇಂಗ್ಲಿಷ್ ಕಾನೂನಿನಲ್ಲಿ ‘ಸೆಟಲ್‌ಮೆಂಟ್’ ಎಂಬ ಪದ ಕುಟುಂಬದ ಆಸ್ತಿಯನ್ನು ಮುಂದಿನ ತಲೆಮಾರಿಗೆ ಗೊತ್ತುಮಾಡುವ ಪತ್ರಕ್ಕೂ, ವ್ಯಾಜ್ಯವನ್ನು ರಾಜಿಯಲ್ಲಿ ಮುಗಿಸುವ ಒಪ್ಪಂದಕ್ಕೂ, ಹೊಸ ನೆಲದಲ್ಲಿ ಜನರನ್ನು ನೆಲೆಗೊಳಿಸುವ ಕ್ರಿಯೆಗೂ ಒಂದೇ ಸಮನೆ ಬಳಕೆಯಾಗುತ್ತದೆ. 1899ರ ಭಾರತೀಯ ಸ್ಟಾಂಪು ಕಾಯ್ದೆ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಹಿಡಿದು, ಮದುವೆಯ ನಿಮಿತ್ತವಾಗಿ, ಕುಟುಂಬದವರಿಗೆ ಹಂಚುವುದಕ್ಕಾಗಿ, ಇಲ್ಲವೆ ಧರ್ಮಕಾರ್ಯಕ್ಕಾಗಿ ಉಯಿಲಿನ ರೂಪದಲ್ಲಲ್ಲದೆ ಬರೆದುಕೊಟ್ಟ ಆಸ್ತಿಪತ್ರವೇ ಸೆಟಲ್‌ಮೆಂಟ್ ಎಂದು ವ್ಯಾಖ್ಯಾನಿಸಿತು. ಆದರೆ ಭಾರತದ ಹಳ್ಳಿಗಾಡಿಗೆ ಈ ಪದ ಬಂದದ್ದು ಸ್ಟಾಂಪು ಕಾಗದದ ದಾರಿಯಿಂದಲ್ಲ, ಕಂದಾಯದ ದಾರಿಯಿಂದ. ಯಾವ ನೆಲಕ್ಕೆ ಎಷ್ಟು ಕಂದಾಯ, ಅದನ್ನು ಕಟ್ಟುವ ಹೊಣೆ ಯಾರದು, ಆ ಹೊಣೆಯ ಜೊತೆಗೆ ಬರುವ ಹಕ್ಕು ಎಂಥದು ಎಂಬುದನ್ನು ಸರ್ಕಾರ ತೀರ್ಮಾನಿಸಿ ಬರೆದಿಡುವುದನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಸೆಟಲ್‌ಮೆಂಟ್ ಎಂದರು. ಮೊಗಲರ ಕಾಲದಿಂದ ಬಂದ ‘ಬಂದೋಬಸ್ತು’ ಎಂಬ ಮಾತು ಸೂಚಿಸುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ. ಇಂದಿನ ಕರ್ನಾಟಕದ ಸರ್ವೆ ಇಲಾಖೆಯ ಪೂರ್ಣ ಹೆಸರಾದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ ಎಂಬುದರ ನಡುವೆ ಕುಳಿತಿರುವ ‘ಕಂದಾಯ ವ್ಯವಸ್ಥೆ’ ಈ ಸೆಟಲ್‌ಮೆಂಟಿನದೇ ಕನ್ನಡ ರೂಪ.

ಚಾಮರಾಜನಗರ ಜಿಲ್ಲೆಯ ಪೂರ್ವ ಭಾಗದ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಒಂದಕ್ಕೊಂದು ಅಂಟಿಕೊಂಡಿರುವ ಸೀಮೆಗಳು. ಇವುಗಳ ನಡುವೆ ಸಂತೆ, ಜಾತ್ರೆ, ಹೆಣ್ಣು ಕೊಟ್ಟು ತರುವ ಸಂಬಂಧ ಯಾವ ಕಾಲದಲ್ಲೂ ಕಡಿದುಹೋದದ್ದಿಲ್ಲ. ಹಾಗಿದ್ದರೂ 1799ರಿಂದ 1956ರವರೆಗೆ, ಅಂದರೆ ಒಂದೂವರೆ ಶತಮಾನಕ್ಕೂ ಮಿಕ್ಕು, ಇವು ಎರಡು ಸರ್ಕಾರಗಳ ಕೆಳಗೆ ಬೇರೆ ಬೇರೆ ಬಗೆಯ ಸೆಟಲ್‌ಮೆಂಟುಗಳಿಗೆ ಒಳಪಟ್ಟವು. ಕಾಡಿನ ಮೇಲೆ ನಡೆದ ಸೆಟಲ್‌ಮೆಂಟಿನ ಲೆಕ್ಕವಂತೂ ಇಂದಿಗೂ ಮುಗಿದಿಲ್ಲ. ನೆಲದ ಹಕ್ಕು ಎಲ್ಲಿ ಗಟ್ಟಿಯಾಯಿತು, ಎಲ್ಲಿ ಕರಗಿತು ಎಂಬುದನ್ನು ನೆಲದ ಗುಣಕ್ಕಿಂತ, ಅದು ಯಾವ ಕಚೇರಿಯ ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ದಾಖಲಾಯಿತು ಎಂಬುದೇ ಇಲ್ಲಿ ಹೆಚ್ಚಾಗಿ ನಿರ್ಧರಿಸಿತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನ ರಾಜ್ಯ ಹಂಚಿಕೆಯಾದಾಗ ಕೊಯಮತ್ತೂರು ಪ್ರಾಂತ್ಯ ಈಸ್ಟ್ ಇಂಡಿಯಾ ಕಂಪನಿಯ ಪಾಲಿಗೆ ಬಂತು. ಬಿಳಿಗಿರಿರಂಗನ ಬೆಟ್ಟಗಳ ಆಚೆ ಮೈಸೂರಿನ ಬಯಲಿಗೇ ಸೇರಿಕೊಂಡಂತಿರುವ, ಮಾತಿನಲ್ಲಿ ಕನ್ನಡವೇ ಆಗಿರುವ ಕೊಳ್ಳೇಗಾಲ ಸೀಮೆಯೂ ಅದರ ಜೊತೆಗೆ ಹೋಯಿತು. ಹನೂರು ಆಗ ಅದೇ ತಾಲ್ಲೂಕಿನ ಒಂದು ಊರು. ಯಳಂದೂರು ಮಾತ್ರ ಮೈಸೂರು ಒಡೆಯರ ರಾಜ್ಯದಲ್ಲಿ ಉಳಿಯಿತು. ಮರುವರ್ಷ ಕಂಪನಿಯ ಆಜ್ಞೆಯ ಮೇರೆಗೆ ಹೊಸ ಪ್ರಾಂತ್ಯಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಶಿವನಸಮುದ್ರದ ಕಡೆಯಿಂದ ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿಗಳ ಮೇಲೆ ಹಾದು ಕಾವೇರಿಪುರದ ಘಟ್ಟ ಇಳಿದ. ಮಣ್ಣು, ಬೆಳೆ, ತೆರಿಗೆಗಳ ಬಗ್ಗೆ ಅವನು ಮಾಡಿಕೊಂಡ ಟಿಪ್ಪಣಿಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಹೊಸ ಪ್ರಾಂತ್ಯದಿಂದ ಎಷ್ಟು ಹುಟ್ಟುವಳಿ ಬರಬಹುದು ಎಂಬ ಪ್ರಶ್ನೆ ಕಂಪನಿಗೆ ಆಗ ತುರ್ತಿನದಾಗಿತ್ತು.

ಬಂಗಾಳದಲ್ಲಿ 1793ರಲ್ಲಿ ಜಾರಿಗೆ ಬಂದ ಶಾಶ್ವತ ಸೆಟಲ್‌ಮೆಂಟ್ ಜಮೀನ್ದಾರನನ್ನು ನೆಲದ ಒಡೆಯನೆಂದು ಒಪ್ಪಿ ಅವನು ಕಟ್ಟಬೇಕಾದ ಮೊತ್ತವನ್ನು ಎಂದೆಂದಿಗೂ ಬದಲಾಗದಂತೆ ನಿಗದಿ ಮಾಡಿತ್ತು. ಕೊಯಮತ್ತೂರು ಸೇರಿದ ಮದ್ರಾಸು ಪ್ರಾಂತ್ಯದಲ್ಲಿ, ಬಾರಾಮಹಲ್ ಸೀಮೆಯ ಅನುಭವದಿಂದ ಕಂಪನಿಯ ಅಧಿಕಾರಿಗಳಾದ ರೀಡ್ ಮತ್ತು ಥಾಮಸ್ ಮನ್ರೋ ರೂಪಿಸಿದ ರೈತವಾರಿ ಪದ್ಧತಿ ಇದಕ್ಕೆ ಎದುರು ದಿಕ್ಕಿನದು: ಸರ್ಕಾರ ನಡುವೆ ಯಾರನ್ನೂ ಇಟ್ಟುಕೊಳ್ಳದೆ ಉಳುವ ರೈತನ ಹೆಸರಿಗೇ ಪಟ್ಟಾ ಕೊಡುವುದು, ಅವನಿಂದಲೇ ಕಂದಾಯ ವಸೂಲು ಮಾಡುವುದು. ನಡುವೆ ಪ್ರಾಂತ್ಯದ ಅನೇಕ ಜಿಲ್ಲೆಗಳಲ್ಲಿ ಊರಿಗೆ ಊರನ್ನೇ ಗುತ್ತಿಗೆ ಕೊಡುವ ಪ್ರಯೋಗ ನಡೆದು ಸೋತ ಮೇಲೆ, 1820ರಲ್ಲಿ ಮನ್ರೋ ಗವರ್ನರನಾಗಿ ಬಂದಾಗ ರೈತವಾರಿಯೇ ಮದ್ರಾಸಿನ ಸಾಮಾನ್ಯ ಪದ್ಧತಿಯಾಯಿತು. ಆ ಹೊತ್ತಿಗೆ ಕೊಯಮತ್ತೂರಿನ ಕಲೆಕ್ಟರನಾಗಿದ್ದವನು ಮುಂದೆ ಊಟಿಯನ್ನು ಕಟ್ಟಿದವನೆಂದು ಹೆಸರಾದ ಜಾನ್ ಸುಲಿವನ್.

ಈ ಪದ್ಧತಿಯಲ್ಲಿ ಸೆಟಲ್‌ಮೆಂಟ್ ಎಂಬುದು ಎರಡು ಮಟ್ಟದಲ್ಲಿ ನಡೆಯುತ್ತಿತ್ತು. ಜುಲೈಯಲ್ಲಿ ಮೊದಲಾಗುವ ಫಸಲಿ ವರ್ಷಕ್ಕೊಮ್ಮೆ ಕಲೆಕ್ಟರನೋ ಅವನ ಕೈಕೆಳಗಿನ ಅಧಿಕಾರಿಯೋ ತಾಲ್ಲೂಕಿಗೆ ಬಂದು ಡೇರೆ ಹೂಡಿ, ಊರೂರಿನ ಲೆಕ್ಕಪುಸ್ತಕಗಳನ್ನು ತರಿಸಿ, ರೈತ ಬಿಟ್ಟುಕೊಟ್ಟ ಹೊಲ, ಹೊಸದಾಗಿ ದರಖಾಸ್ತಿನಲ್ಲಿ ಪಡೆದ ಹೊಲ, ಬೆಳೆ ಕೆಟ್ಟದ್ದಕ್ಕೆ ಕೊಡಬಹುದಾದ ಮಾಫಿ ಎಲ್ಲವನ್ನೂ ನೋಡಿ ಆ ವರ್ಷದ ಬೇಡಿಕೆಯನ್ನು ಮುಗಿಸುವುದು ಜಮಾಬಂದಿ. ಇದರ ಹಿಂದೆ ನಿಲ್ಲುವುದು 1850ರ ದಶಕದ ನಂತರ ಮದ್ರಾಸು ಸರ್ಕಾರ ಕೈಗೊಂಡ ಅಳತೆಯ ಸೆಟಲ್‌ಮೆಂಟ್. ಹೊಲಕ್ಕೆ ಸರ್ವೆ ನಂಬರು ಕೊಟ್ಟು, ಮಣ್ಣನ್ನು ಕಪ್ಪು, ಕೆಂಪು, ಮರಳು ಎಂದು ವಿಂಗಡಿಸಿ, ‘ತರಂ’ ಎಂಬ ದರ್ಜೆಗೆ ಸೇರಿಸಿ, ನಂಜೆ ಅಂದರೆ ನೀರಾವರಿಯ ನೆಲಕ್ಕೂ ಪುಂಜೆ ಅಂದರೆ ಮಳೆಯಾಶ್ರಿತ ನೆಲಕ್ಕೂ ಬೇರೆ ಬೇರೆ ದರ ಗೊತ್ತುಮಾಡಿ, ಅದನ್ನು ಸಾಮಾನ್ಯವಾಗಿ ಮೂವತ್ತು ವರ್ಷ ಬದಲಿಸದೆ ನಡೆಸುವುದು ಇದರ ಕ್ರಮ. ರೈತ ಸ್ವಂತ ಖರ್ಚಿನಲ್ಲಿ ಬಾವಿ ತೋಡಿಸಿದ್ದಕ್ಕೆ ಕಂದಾಯ ಏರಿಸಬಾರದೆಂಬ ನಿಯಮವೂ ಕ್ರಮೇಣ ಇದರೊಳಗೆ ಸೇರಿತು. ಪಟ್ಟಾದಾರ ತನ್ನ ನೆಲವನ್ನು ಮಾರಬಹುದಿತ್ತು, ಅಡವು ಇಡಬಹುದಿತ್ತು, ಮಕ್ಕಳಿಗೆ ಬಿಡಬಹುದಿತ್ತು. ಕಂದಾಯ ಕಟ್ಟುವವರೆಗೆ ಅವನನ್ನು ಎಬ್ಬಿಸುವಂತಿರಲಿಲ್ಲ. ಯಾರ ಪಟ್ಟಾಕ್ಕೂ ಸೇರದ ಕೆರೆಯಂಗಳ, ಹಾದಿ, ಹಳ್ಳ, ಸ್ಮಶಾನಗಳೆಲ್ಲ ‘ಪೊರಂಬೋಕು’ ಎಂಬ ಒಂದೇ ಹೆಸರಿನ ಕೆಳಗೆ ಬಂದವು.

ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿಯಿತು. 1863ರಲ್ಲಿ ಬ್ರಿಟಿಷ್ ಕಮಿಷನರ ಬೌರಿಂಗ್ ಆಡಳಿತ ನಡೆಸುತ್ತಿದ್ದಾಗ ಅಲ್ಲಿ ಆರಂಭವಾದ ಸರ್ವೆ ಸೆಟಲ್‌ಮೆಂಟು ಮುಂಬಯಿಯ ಮಾದರಿಯದು. ಅಲ್ಲಿ ಮಣ್ಣಿನ ಗುಣವನ್ನು ಹದಿನಾರಾಣೆಯ ಲೆಕ್ಕದಲ್ಲಿ ತೂಗುತ್ತಿದ್ದರು, ನಂಜೆ-ಪುಂಜೆ ಎನ್ನುವ ಬದಲು ತರಿ-ಖುಷ್ಕಿ ಎನ್ನುತ್ತಿದ್ದರು, ಪಟ್ಟಾದ ಬದಲು ಖಾತೆ, ಹೊಲ-ಬೆಳೆಗಳ ಲೆಕ್ಕಪುಸ್ತಕವಾದ ಅಡಂಗಲ್ಲಿನ ಬದಲು ಪಹಣಿ, ಊರ ಲೆಕ್ಕಿಗನಾದ ಕರಣಂ ಬದಲು ಶಾನುಭೋಗ, ಪೊರಂಬೋಕಿನ ಬದಲು ಖರಾಬು. ಹೀಗಾಗಿ ಗಡಿಯ ಎರಡೂ ಬದಿಯಲ್ಲಿ ಹೊಲವಿದ್ದ ರೈತನಿಗೆ ಒಂದೇ ಕೆಮ್ಮಣ್ಣಿನ ಪಟ್ಟೆಯನ್ನು ಎರಡು ಸರ್ಕಾರಗಳ ಎರಡು ಪರಿಭಾಷೆಗಳಲ್ಲಿ ತಿಳಿದುಕೊಳ್ಳಬೇಕಾದ ಸಂದರ್ಭವಿತ್ತು.

ಯಳಂದೂರು ಈ ಎರಡಕ್ಕೂ ಹೊರತಾದ ಮೂರನೆಯ ಬಗೆ. ಹದಿನಾಡಿನ ಪಾಳೆಯಗಾರರ ನೆಲೆಯಾಗಿ, ಗೌರೀಶ್ವರ ದೇಗುಲದ ಬಳೆಮಂಟಪದಿಂದಲೂ, ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಂಚಿ ಹೊನ್ನಮ್ಮನ ಹುಟ್ಟೂರೆಂಬ ಕೀರ್ತಿಯಿಂದಲೂ ಪರಿಚಿತವಾಗಿದ್ದ ಈ ಸೀಮೆಯನ್ನು 1807ರಲ್ಲಿ ಮೈಸೂರು ಸರ್ಕಾರ, ಕಂಪನಿಯ ಸಮ್ಮತಿಯೊಂದಿಗೆ, ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯ ಜಹಗೀರಾಗಿ ಕೊಟ್ಟಿತು. ಜಹಗೀರು ಎಂದರೆ ಸೇವೆಗೆ ಪ್ರತಿಯಾಗಿ ಒಂದು ಪ್ರದೇಶದ ಕಂದಾಯವನ್ನು ಅನುಭವಿಸಲು ಕೊಟ್ಟ ಅಧಿಕಾರ. ಸನ್ನದು ಅದರ ಅಧಿಕಾರಪತ್ರ. ಟಿಪ್ಪುವಿನ ಖಜಾನೆಯ ಲೆಕ್ಕವನ್ನೂ, ಆಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯದ ಲೆಕ್ಕವನ್ನೂ ನೋಡಿದ್ದ ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟು 1812ರಲ್ಲಿ ತೀರಿಕೊಂಡರೂ ಜಹಗೀರು ಅವರ ವಂಶದಲ್ಲೇ ಮುಂದುವರಿಯಿತು. 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಪಿ. ಎನ್. ಕೃಷ್ಣಮೂರ್ತಿಯವರು ಇದೇ ಮನೆತನದವರು, ಯಳಂದೂರಿನ ಜಹಗೀರುದಾರರು. ಇಂಗ್ಲಿಷ್ ಕಾನೂನಿನ ಮೂಲ ಅರ್ಥಕ್ಕೆ, ಅಂದರೆ ಒಂದು ಮನೆತನದ ಮೇಲೆ ಆಸ್ತಿಯನ್ನು ತಲೆಮಾರುಗಟ್ಟಲೆ ನಿಲ್ಲಿಸುವ ಏರ್ಪಾಡಿಗೆ, ಈ ಸೀಮೆಯಲ್ಲಿ ಎಲ್ಲಕ್ಕಿಂತ ಹತ್ತಿರ ಬರುವುದು ಈ ಜಹಗೀರೇ; ಕೊಟ್ಟವರಾಗಲಿ ಪಡೆದವರಾಗಲಿ ಅದನ್ನು ಆ ಹೆಸರಿನಿಂದ ಕರೆಯದಿದ್ದದ್ದು ಬೇರೆ ಮಾತು. ಸುವರ್ಣಾವತಿಯ ನೀರು ಹರಿಯುವ ಅಂಬಳೆ, ಅಗರ, ಮಾಂಬಳ್ಳಿಗಳ ಗದ್ದೆಯ ರೈತ ಕಂದಾಯ ಕಟ್ಟುತ್ತಿದ್ದದ್ದು ಜಹಗೀರಿನ ಕಚೇರಿಗೆ. ಕೆಲವೇ ಮೈಲಿ ಆಚೆಗಿನ ಕೊಳ್ಳೇಗಾಲದ ರೈತ ಕಟ್ಟುತ್ತಿದ್ದದ್ದು ನೇರವಾಗಿ ಸರ್ಕಾರಕ್ಕೆ. ಯಳಂದೂರಿನ ಜಹಗೀರುದಾರರ ಬಂಗಲೆ ಇಂದು ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯ.

ಬಯಲಿನ ನೆಲದ ಮಟ್ಟಿಗೆ ಈ ಮೂರೂ ಏರ್ಪಾಡುಗಳಲ್ಲಿ ಸಮಾನವಾದದ್ದೊಂದಿತ್ತು: ಸೆಟಲ್‌ಮೆಂಟು ಮುಗಿದ ಮೇಲೆ ಉಳುವವನ ಹೆಸರು ಎಲ್ಲಾದರೊಂದು ಪುಸ್ತಕದಲ್ಲಿ ಉಳಿಯುತ್ತಿತ್ತು. ಕಾಡಿನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು.

1882ರ ಮದ್ರಾಸು ಅರಣ್ಯ ಕಾಯ್ದೆ ‘ಫಾರೆಸ್ಟ್ ಸೆಟಲ್‌ಮೆಂಟ್’ ಎಂಬ ಹೊಸ ಬಳಕೆಯನ್ನು ಕೊಳ್ಳೇಗಾಲ ಸೀಮೆಗೆ ತಂದಿತು. ಯಾವುದಾದರೂ ಪ್ರದೇಶವನ್ನು ರಿಸರ್ವ್ ಅರಣ್ಯ, ಅಂದರೆ ಸರ್ಕಾರ ಸಂಪೂರ್ಣವಾಗಿ ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಕಾಯ್ದಿರಿಸಿದ ಕಾಡು, ಎಂದು ಮಾಡಬೇಕೆಂದಿದ್ದರೆ ಸರ್ಕಾರ ಮೊದಲು ತನ್ನ ಉದ್ದೇಶವನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ ಫಾರೆಸ್ಟ್ ಸೆಟಲ್‌ಮೆಂಟ್ ಆಫೀಸರನನ್ನು ನೇಮಿಸುತ್ತಿತ್ತು. ಆ ಅಧಿಕಾರಿ ತಾಲ್ಲೂಕು ಕೇಂದ್ರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಘೋಷಣೆ ಹೊರಡಿಸಿ, ಆ ಎಲ್ಲೆಯೊಳಗೆ ನೆಲದ ಮೇಲೋ, ಹಾದಿಯ ಮೇಲೋ, ನೀರಿನ ಮೇಲೋ, ಮೇವಿನ ಮೇಲೋ, ಕಾಡಿನ ಹುಟ್ಟುವಳಿಯ ಮೇಲೋ ಹಕ್ಕಿದೆ ಎನ್ನುವವರು ಮೂರು ತಿಂಗಳಿಗೆ ಕಡಿಮೆಯಿಲ್ಲದ ಗಡುವಿನೊಳಗೆ ತನ್ನ ಮುಂದೆ ಅದನ್ನು ಹೇಳಿಕೊಳ್ಳಬೇಕೆಂದು ಕರೆಯುತ್ತಿದ್ದನು. ಹೇಳಿಕೊಂಡ ಹಕ್ಕನ್ನು ವಿಚಾರಿಸಿ ಒಪ್ಪುವುದು, ತಳ್ಳುವುದು, ಪರಿಹಾರ ಕೊಟ್ಟು ಕೊಂಡುಕೊಳ್ಳುವುದು, ಆ ಭಾಗವನ್ನು ರಿಸರ್ವಿನ ಹೊರಗೆ ಬಿಡುವುದು ಅವನ ಕೆಲಸ. ಅದೆಲ್ಲ ಮುಗಿದ ಮೇಲೆ ಅಂತಿಮ ಅಧಿಸೂಚನೆ ಬಂದರೆ, ಯಾರೂ ಬಂದು ಹೇಳಿಕೊಳ್ಳದ ಹಕ್ಕುಗಳು ಆ ದಿನಕ್ಕೆ ನಂದಿಹೋದಂತೆ.

ಕಾಗದದ ಮೇಲೆ ಈ ಕ್ರಮದಲ್ಲಿ ತಪ್ಪು ಹುಡುಕುವುದು ಕಷ್ಟ. ಘೋಷಣೆಯಿದೆ, ಗಡುವಿದೆ, ವಿಚಾರಣೆಯಿದೆ, ಮೇಲ್ಮನವಿಯೂ ಇದೆ. ಅದರ ಕೊರತೆ ಇದ್ದದ್ದು ‘ಹಕ್ಕು’ ಎಂಬುದನ್ನು ಅದು ಗುರುತಿಸಿದ ರೀತಿಯಲ್ಲಿ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಬುಡಕಟ್ಟಿನವರಾದ ಸೋಲಿಗರು ಕಾಡಿನ ಒಂದು ತುಂಡನ್ನು ಸವರಿ ರಾಗಿ ಬಿತ್ತಿ, ಕೆಲವು ವರ್ಷ ಬೆಳೆದು, ಅದನ್ನು ಕಾಡಿಗೇ ಬಿಟ್ಟು ಮತ್ತೊಂದೆಡೆಗೆ ಹೋಗುತ್ತಿದ್ದರು. ಅವರ ‘ಪೋಡು’, ಅಂದರೆ ಗುಡಿಸಲುಗಳ ಊರು, ಆ ಬೇಸಾಯದ ಜೊತೆಗೇ ಜಾಗ ಬದಲಿಸುತ್ತಿತ್ತು. ಇವತ್ತು ಬೀಳುಬಿದ್ದು ಹತ್ತು ವರ್ಷದ ಮೇಲೆ ಮತ್ತೆ ಬಿತ್ತುವ ನೆಲಕ್ಕೆ ಪಟ್ಟಾ ಇರಲಿಲ್ಲ, ಕಂದಾಯದ ರಸೀದಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಭಾರತದ ಬೇರೆಡೆಗಳಿಗೆ ಅನ್ವಯವಾದ 1927ರ ಅರಣ್ಯ ಕಾಯ್ದೆ ಇಂಥ ಬೇಸಾಯವನ್ನು ಹಕ್ಕೆಂದೇ ಎಣಿಸದೆ, ಸರ್ಕಾರ ಬೇಕೆಂದಾಗ ನಿಲ್ಲಿಸಬಹುದಾದ ರಿಯಾಯಿತಿ ಎಂದು ಬಾಯಿಬಿಟ್ಟೇ ಹೇಳಿತು. ಆ ಕಾಲದ ಅರಣ್ಯಾಡಳಿತದ ಒಟ್ಟು ನಿಲುವೇ ಅದು. ಹಕ್ಕಾದರೆ ಅದಕ್ಕೆ ವಾರಸುದಾರಿಕೆ ಇದೆ, ನ್ಯಾಯಾಲಯವಿದೆ. ರಿಯಾಯಿತಿಯನ್ನು ರೇಂಜರನ ಒಂದು ಆದೇಶ ಮುಗಿಸಬಲ್ಲದು.

ದನಗಾಹಿಗಳ ಸ್ಥಿತಿಯೂ ಇದಕ್ಕೆ ಹತ್ತಿರದ್ದು. ಕಾವೇರಿಯ ದಂಡೆಯ ಆಲಂಬಾಡಿಯ ಹೆಸರು ಹೊತ್ತ ದನದ ತಳಿ ಬೆಳೆದದ್ದೇ ಈ ಕಾಡಿನ ಮೇವಿನಲ್ಲಿ. ಕಾಡಿನೊಳಗೆ ದನ ಕೂಡುವ ‘ದೊಡ್ಡಿ’ಗಳು ಕಾಲಕ್ರಮದಲ್ಲಿ ಊರುಗಳಾದದ್ದಕ್ಕೆ ಹನೂರು ಕಡೆ ದೊಡ್ಡಿ ಎಂದು ಕೊನೆಗೊಳ್ಳುವ ಊರ ಹೆಸರುಗಳೇ ಸಾಕ್ಷಿ. ಸೆಟಲ್‌ಮೆಂಟಿನ ನಂತರ ಮೇವು ತಲೆಗಿಷ್ಟು ಎಂದು ಶುಲ್ಕ ಕಟ್ಟಿ ಪಡೆಯುವ ಪರವಾನಗಿಯಾಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ನೆಲ ಸೇರಿದರೂ ಕಾನೂನು ಅದೇ ದಿನ ಸೇರಲಿಲ್ಲ. ಹೊಸ ಶಾಸನ ಬರುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನೇ ನಡೆಯಬೇಕೆಂದು ಪುನರ್ವಿಂಗಡಣೆಯ ಕಾಯ್ದೆ ಹೇಳಿತ್ತು. ಹಾಗಾಗಿ ನೂರಾರು ಮೈಲಿ ದೂರದ ಎರಡು ಸೀಮೆಗಳನ್ನು ಒಂದೇ ಉಸಿರಿನಲ್ಲಿ ಹೇಳುವ ‘ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ’ ಎಂಬ ವಿಚಿತ್ರ ಭೂಗೋಳವೊಂದು ಕರ್ನಾಟಕದ ಶಾಸನಗಳಲ್ಲಿ ಹುಟ್ಟಿತು. ಎರಡಕ್ಕೂ ಇದ್ದ ನಂಟು ಹಿಂದೆ ಮದ್ರಾಸಿಗೆ ಸೇರಿದ್ದವು ಎಂಬುದಷ್ಟೇ. ಕೊಳ್ಳೇಗಾಲ ಸೀಮೆಯ ದೇವಾಲಯಗಳಿಗೆ 1951ರ ಮದ್ರಾಸು ಧಾರ್ಮಿಕ ದತ್ತಿಗಳ ಕಾಯ್ದೆ ಅನ್ವಯಿಸುತ್ತಾ ಬಂದು, 1997ರ ಕರ್ನಾಟಕ ಕಾಯ್ದೆ 2003ರಲ್ಲಿ ಜಾರಿಗೆ ಬಂದಾಗಲೇ ಅದು ಕೊನೆಗೊಂಡದ್ದು. ಆ ಮದ್ರಾಸು ಕಾಯ್ದೆಯಲ್ಲೂ ದೇವಾಲಯದ ಆಡಳಿತಕ್ಕೆ ‘ಸ್ಕೀಮು ಸೆಟಲ್’ ಮಾಡುವುದೆಂಬ ಇನ್ನೊಂದು ಬಳಕೆ ಇತ್ತು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಕಣಿಯನ್ ಎಂಬ ಹೆಸರು ‘ಕೊಳ್ಳೇಗಾಲ ತಾಲ್ಲೂಕಿನಲ್ಲಿ’ ಎಂಬ ಎಲ್ಲೆಯೊಂದಿಗೆ ಸೇರಿರುವುದೂ ಇದೇ ಚರಿತ್ರೆಯ ಫಲ.

ಕಂದಾಯದ ಮಟ್ಟಿಗೆ ಏಕರೂಪತೆ ಬೇಗ ಬಂತು. ಹಳೆಯ ಮೈಸೂರಿನ ವೈಯಕ್ತಿಕ ಇನಾಮುಗಳನ್ನು, ಅಂದರೆ ವ್ಯಕ್ತಿಗಳಿಗೆ ಬಿಟ್ಟುಕೊಟ್ಟ ಕಂದಾಯದ ಮಾನ್ಯಗಳನ್ನು, 1954ರ ಕಾಯ್ದೆ ರದ್ದು ಮಾಡಿತು. ಮನೆತನಗಳ ಕೈಯಲ್ಲಿ ಕಂದಾಯ ಉಳಿಯುವ ಕಾಲವೇ ಮುಗಿದು ಯಳಂದೂರು ಇತರ ತಾಲ್ಲೂಕುಗಳಂತೆ ಒಂದು ಸಾಮಾನ್ಯ ತಾಲ್ಲೂಕಾಯಿತು. 1964ರ ಭೂಕಂದಾಯ ಕಾಯ್ದೆ ಪಟ್ಟಾ, ಅಡಂಗಲ್ಲುಗಳನ್ನು ಪಹಣಿಯೊಳಗೆ ಸೇರಿಸಿಕೊಂಡಿತು. ಕಾಡಿನ ಮಟ್ಟಿಗೆ ಮಾತ್ರ 1963ರ ಕರ್ನಾಟಕ ಅರಣ್ಯ ಕಾಯ್ದೆ ಫಾರೆಸ್ಟ್ ಸೆಟಲ್‌ಮೆಂಟಿನ ಹಳೆಯ ಕ್ರಮವನ್ನೇ ಉಳಿಸಿಕೊಂಡಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಸೋಲಿಗರನ್ನು ಒಳಗಿನ ಪೋಡುಗಳಿಂದ ಎಬ್ಬಿಸಿ ರಸ್ತೆಯ ಹತ್ತಿರದ ಕಾಲೋನಿಗಳಲ್ಲಿ ನೆಲೆಗೊಳಿಸುವ ಕೆಲಸ ನಡೆಯಿತು, ಸವರಿ ಬಿತ್ತುವುದು ನಿಂತಿತು. ಸರ್ಕಾರದ ಇಂಗ್ಲಿಷ್ ಕಡತಗಳು ಈ ಕಾಲೋನಿಗಳನ್ನೂ ‘ಟ್ರೈಬಲ್ ಸೆಟಲ್‌ಮೆಂಟ್’ ಎಂದೇ ಕರೆದವು.

ಅದೇ 1970ರ ದಶಕದಲ್ಲಿ ಹನೂರು ಕಡೆಯ ಒಡೆಯರಪಾಳ್ಯದಲ್ಲಿ ಮತ್ತೊಂದು ಸೆಟಲ್‌ಮೆಂಟ್ ತಲೆಯೆತ್ತಿತು. ಟಿಬೆಟ್ ಬಿಟ್ಟು ಬಂದ ನಿರಾಶ್ರಿತರಿಗೆ ಕರ್ನಾಟಕ ಸರ್ಕಾರ ಕೊಟ್ಟ ನೆಲದಲ್ಲಿ ಧೋಂಡೆನ್‌ಲಿಂಗ್ ಎಂಬ ಹೆಸರಿನ ನೆಲೆ ರೂಪುಗೊಂಡು, ಅದರ ಹಳ್ಳಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಎ, ಬಿ, ಸಿ ಎಂಬ ಹೆಸರುಗಳೇ ಬಿದ್ದವು. ಸುತ್ತಲಿನ ಜನ ಅದನ್ನು ಕ್ಯಾಂಪು ಎನ್ನುತ್ತಾರೆ. ಮುಸುಕಿನ ಜೋಳ ಬೆಳೆಯುವ ಈ ನಿರಾಶ್ರಿತರಿಗೂ ನೆಲದ ಒಡೆತನವಿಲ್ಲ. ಆದರೆ ಅವರು ಇರುವುದಕ್ಕೆ ಸರ್ಕಾರದ ಒಪ್ಪಿಗೆಯ ಕಾಗದವಿತ್ತು, ಪಕ್ಕದ ಬೆಟ್ಟದಲ್ಲಿ ಹಿಂದಿನಿಂದ ಇದ್ದವರಿಗೆ ಅದಿರಲಿಲ್ಲ.

2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆ ತನ್ನ ಪೀಠಿಕೆಯಲ್ಲಿ, ವಸಾಹತು ಕಾಲದಲ್ಲಿಯೂ ಸ್ವತಂತ್ರ ಭಾರತದಲ್ಲಿಯೂ ಸರ್ಕಾರಿ ಅರಣ್ಯಗಳನ್ನು ಕ್ರೋಡೀಕರಿಸುವಾಗ ಅಲ್ಲಿನ ಜನರ ಹಕ್ಕುಗಳನ್ನು ಸರಿಯಾಗಿ ಮಾನ್ಯ ಮಾಡಲಿಲ್ಲವೆಂದೂ, ಅದು ಚಾರಿತ್ರಿಕ ಅನ್ಯಾಯವೆಂದೂ ಒಪ್ಪಿಕೊಂಡಿತು. ಫಾರೆಸ್ಟ್ ಸೆಟಲ್‌ಮೆಂಟಿನ ಮೇಲೆ ಸಂಸತ್ತೇ ಬರೆದ ಷರಾ ಇದು. ಈ ಕಾಯ್ದೆಯಲ್ಲಿ ವಿಚಾರಣೆ ಮೊದಲಾಗುವುದು ಅಧಿಕಾರಿಯ ಡೇರೆಯಲ್ಲಲ್ಲ, ಗ್ರಾಮಸಭೆಯಲ್ಲಿ. ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿ, ಕೊನೆಗೆ ಜಿಲ್ಲಾ ಮಟ್ಟದ ಸಮಿತಿ. ಸಾಕ್ಷ್ಯದ ವಿಚಾರದಲ್ಲಿ ನಿಯಮಗಳು ಇನ್ನೂ ದೂರ ಹೋಗಿ, ಸರ್ಕಾರಿ ದಾಖಲೆಗಳ ಜೊತೆಗೆ ಸ್ಮಶಾನ, ಬಾವಿ, ಪವಿತ್ರ ಸ್ಥಳಗಳನ್ನೂ ಹಿರಿಯರ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪುತ್ತವೆ. ಸೋಲಿಗರ ಕುಲಗಳಿಗೆ ಒಂದೊಂದಕ್ಕೆ ಕಾಡಿನಲ್ಲಿ ಅದರದೇ ‘ಯೆಲ್ಲೆ’ಯಿದ್ದು, ಅದರೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ ಅಂದರೆ ನೀರಿನ ತಾಣ, ಕಲ್ಲುಗುಡಿ ಅಂದರೆ ಸತ್ತವರ ನೆಲೆ ಎಂಬ ಐದು ಬಗೆಯ ಜಾಗಗಳಿರುತ್ತವೆ. 1882ರ ಕಾಯ್ದೆಯ ಅಧಿಕಾರಿಗೆ ನಂಬಿಕೆಯ ವಿಷಯವಾಗಿ ಮಾತ್ರ ಕಾಣಬಹುದಾಗಿದ್ದ ಇವುಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಅವೇ ಹಕ್ಕಿನ ಗಡಿಕಲ್ಲುಗಳಾದವು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಮಾನ್ಯತೆ ದೊರೆತದ್ದು ದೇಶದಲ್ಲಿ ಅದೇ ಮೊದಲು. ವೈಯಕ್ತಿಕ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ನಾಲ್ಕು ಹೆಕ್ಟೇರಿಗೆ ಮೀರದಂತೆ ಇರುತ್ತದೆ. ಅದು ಜಹಗೀರಿನಂತೆ ಮಕ್ಕಳಿಗೆ ಇಳಿಯುತ್ತದೆ, ಆದರೆ ಪಟ್ಟಾದಂತೆ ಮಾರುವುದಕ್ಕೆ ಬರುವುದಿಲ್ಲ.

ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳಿಗೆ ಈ ಬಾಗಿಲು ಅಷ್ಟು ಅಗಲವಾಗಿಲ್ಲ. ಅವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಕಾಡಿನಲ್ಲೇ ಇದ್ದು ಬಾಳಿದ್ದನ್ನು ತೋರಿಸಬೇಕು. ಮಲೆ ಮಹದೇಶ್ವರ ದೇವಾಲಯದ ಪೂಜೆ ನಡೆಸುವ, ತುಳಸಿಕೆರೆ, ಇಂಡಿಗನತ್ತ, ನಾಗಮಲೆಯಂಥ ಕಾಡಿನ ನಡುವಿನ ಊರುಗಳಲ್ಲಿರುವ ಬೇಡಗಂಪಣರಂಥವರಿಗೆ ಈ ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. 1930ರಲ್ಲಿ ಈ ಸೀಮೆ ಕೊಯಮತ್ತೂರು ಜಿಲ್ಲೆಯದು, ಆ ಕಾಲದ ಕಾಗದಗಳು ಹುಟ್ಟಿದ್ದು ಮದ್ರಾಸು ಸರ್ಕಾರದ ಕಚೇರಿಗಳಲ್ಲಿ. ಬೇರೆ ರಾಜ್ಯವಾಗಿಹೋದ ಕಡೆ ತಮ್ಮ ತಾತಂದಿರ ಹೆಸರು ಹುಡುಕುವ ಕಷ್ಟ ಈ ಜನರಿಗೆ ಬಂದದ್ದು ಹೀಗೆ.

2006ರ ಕಾಯ್ದೆ ಎಣಿಸುವ ಹಕ್ಕುಗಳಲ್ಲಿ ಅರಣ್ಯಗ್ರಾಮಗಳನ್ನೂ ಸರ್ವೆಯಾಗದ ಹಳೆಯ ವಾಸದ ನೆಲೆಗಳನ್ನೂ ಕಂದಾಯ ಗ್ರಾಮಗಳಾಗಿ ಪರಿವರ್ತಿಸಿಕೊಳ್ಳುವುದೂ ಒಂದು; ಆ ಕಲಮಿನ ಇಂಗ್ಲಿಷ್ ಪಾಠದಲ್ಲಿ ‘ಸೆಟಲ್‌ಮೆಂಟ್’ ಎಂಬುದು ಸರ್ಕಾರ ನಡೆಸುವ ಕ್ರಿಯೆಯಾಗಿ ಅಲ್ಲ, ಜನರಿಗೆ ಸಲ್ಲುವ ಹಕ್ಕಾಗಿ ಬಂದಿದೆ. ಒಂದು ಪೋಡು ಹೀಗೆ ಕಂದಾಯ ಗ್ರಾಮವಾದರೆ ಅದರ ಗಡಿ ಅಳತೆಯಾಗಬೇಕು, ಹೊಲಗಳಿಗೆ ಸರ್ವೆ ನಂಬರು ಬೀಳಬೇಕು, ಟಿಪ್ಪಣಿ, ಆಕಾರಬಂದು, ಪಹಣಿ ಎಂಬ ಅಳತೆ ಮತ್ತು ಕಂದಾಯದ ದಾಖಲೆಗಳು ತಯಾರಾಗಬೇಕು. ಅಂದರೆ ಬಯಲಿನ ಹಳ್ಳಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡ ಕಂದಾಯದ ಸೆಟಲ್‌ಮೆಂಟು ಬೆಟ್ಟದ ಮೇಲೆ ಈಗ ಮೊದಲಾಗಬೇಕು.